ಎಡೆದೊರೆ ನಾಡಿನ ಅಡವೂ ಬಿಡುಗಡೆಯೂ

ಸಾಲವೆಂಬದು ಮನೆಗೆ ಬರುವಾಗ ನೆಂಟನ ವೇಷದಿಂದ ಬರುವದು. ನಾಲ್ಕು ದಿನ ನಿಂತ ಮೇಲೆ ಯಜಮಾನನ ಗದ್ದುಗೆಯನ್ನೇರುವದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅರಿಯದವರು ಕನ್ನಡನಾಡಿನಲ್ಲಿ ಯಾರೂ ಇಲ್ಲ. ಅರಿತುದನ್ನು ಆಚರಿಸಿದವರು ಮಾತ್ರ ವಿರಳ. ಗೃಹಸ್ಥನೊಬ್ಬನು ಆದಾಯವನ್ನು ಮೀರಿ ವೆಚ್ಚ ಮಾಡಿದರೆ ಅವನ ಹೊಲವು ಅಡವಾಗುವದು. ಅರಸನೊಬ್ಬನು ಹಾಗೆ ಮಾಡಿದರೆ ಹೊಲದೊಡನೆ ಊರೂ, ಊರಿನೊಡನೆ ನಾಡೂ ಅಡವಾಗುವದು. ಇದು ಅತಿಶಯೋಕ್ತಿಯಲ್ಲ. ತುಂಗಭದ್ರೆಯ ಉತ್ತರದಂಡೆಯಲ್ಲಿರುವ ಗಂಗಾವತಿ, ಕುಷ್ಟಗಿ ಮೊದಲಾದ ಸೀಮೆಗಳನ್ನೊಳಗೊಂಡ ರಾಯಚೂರು ದೋಆಬ ಪ್ರಾಂತವು ೧೮೫೩ರಿಂದ ೧೮೬೦ರ ವರೆಗೆ, ಏಳು ವರ್ಷಗಳ ಪರ್ಯಂತ, ಹೈದರಾಬಾದ ಸಂಸ್ಥಾನದ ಸಾಲಕ್ಕೆ ಅಡವಾಗಿ ನಿಂತಿದ್ದಿತು. ಆ ಕಾಲದ ಒಕ್ಕಲಿಗನು ಆ ಸಾಲವನ್ನು ಕೇಳಿದವನಲ್ಲ, ಉಂಡವನಲ್ಲ. ಆದರೂ ಅವನು ಬೆಳೆದ ಜೋಳದ ಮೇಲೆಯೇ ಆ ಸಾಲದ ಮುದ್ರೆ ಬಿದ್ದಿತು. ಆ ಅಡವು ಹೇಗೆ ಆಯಿತು, ಹೇಗೆ ಬಿಟ್ಟಿತು, ಜೊತೆಗೆ ಅಡವಾದ ಇನ್ನೊಂದು ನಾಡು ಏಕೆ ಮರಳಿ ಬರಲಿಲ್ಲ ಎಂಬ ವೃತ್ತಾಂತವು ಪ್ರತಿಯೊಬ್ಬ ಗೃಹಸ್ಥನೂ ಮನನ ಮಾಡತಕ್ಕದ್ದಾಗಿದೆ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆಯೆಂದು ಕರೆದಿವೆ. ಎರಡು ಹೊಳೆಗಳ ನಡುವಿನ ನೆಲವಾದುದರಿಂದ ಇದರ ಮೇಲೆ ಎಲ್ಲ ಅರಸರ ಕಣ್ಣೂ ಬಿದ್ದಿತ್ತು. ವಿಜಯನಗರದ ರಾಯರಿಗೂ ಬಹಮನಿ ಹಾಗೂ ವಿಜಾಪುರದ ಸುಲ್ತಾನರಿಗೂ ನಡೆದ ಕಾಳಗಗಳಲ್ಲಿ ಅನೇಕವು ಇದಕ್ಕಾಗಿಯೇ ನಡೆದವು. ಕೃಷ್ಣದೇವರಾಯನು ೧೫೨೦ರಲ್ಲಿ ರಾಯಚೂರನ್ನು ಗೆದ್ದುದು ಲೋಕವಿಖ್ಯಾತವಾಗಿದೆ. ಆನೆಗೊಂದಿ ಹಾಗೂ ಗಂಗಾವತಿಯ ಬಯಲುಗಳಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿವೆ. ಇಂಥ ನಾಡು ಹದಿನೆಂಟನೆಯ ಶತಮಾನದಲ್ಲಿ ಹಲವು ಕೈ ದಾಟಿ, ೧೭೯೯ರಲ್ಲಿ ಟೀಪು ಸುಲ್ತಾನನು ಮಡಿದ ತರುವಾಯ ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿ ನೆಲೆಗೊಂಡಿತು.

ಆದರೆ ಆ ಸಂಸ್ಥಾನಕ್ಕೆ ದಂಡಿನ ವೆಚ್ಚವನ್ನು ನೆಲದಿಂದ ತೀರಿಸುವ ರೂಢಿಯು ಮೊದಲಿಗೇ ಬಿದ್ದಿತ್ತು. ತನ್ನ ರಕ್ಷಣೆಗೆಂದು ಇರಿಸಿಕೊಂಡ ಇಂಗ್ಲಿಷ್ ಸೈನ್ಯದ ವೆಚ್ಚಕ್ಕಾಗಿ ನಿಜಾಮನು ೧೮೦೦ರಲ್ಲಿ ಬಳ್ಳಾರಿ, ಕಡಪೆ ಮೊದಲಾದ ಪ್ರಾಂತಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಅಂದಿನಿಂದ ಅವುಗಳಿಗೆ ದತ್ತಮಂಡಲವೆಂದು ಹೆಸರಾಯಿತು. ಆನೆಗೊಂದಿಯ ದಂಡೆಯ ಮೇಲೆ ನಿಂತು ನೋಡಿದರೆ ಹೊಳೆಯಾಚೆ ಕಾಣುವ ಹಂಪೆಯ ನೆಲವು ಹೀಗೆಯೇ ಹೋಯಿತು. ಈಚೆಯ ದಂಡೆ ಉಳಿಯಿತು. ಆಚೆಯ ದಂಡೆ ಹೋದುದನ್ನು ಕಂಡು ಈಚೆಯ ದಂಡೆಯ ಒಡೆಯರು ಎಚ್ಚರಗೊಳ್ಳಬೇಕಾಗಿದ್ದಿತು, ಹಾಗಾಗಲಿಲ್ಲ.

ಕಾರಣವೇನೆಂದರೆ, ಕೆಲವು ವರ್ಷಗಳಲ್ಲಿಯೇ ಮತ್ತೊಂದು ದಂಡು ಸಂಸ್ಥಾನದ ಹೆಗಲೇರಿತು. ಕಂಟಿಂಜೆಂಟ್ ಎಂದು ಹೆಸರಾದ ಈ ದಂಡಿಗೆ ಅಧಿಕಾರಿಗಳು ಆಂಗ್ಲರು, ಆಜ್ಞೆ ರೆಸಿಡೆಂಟನದು, ಸಂಬಳವು ಮಾತ್ರ ನಿಜಾಮನ ಬೊಕ್ಕಸದ್ದು. ಇದಕ್ಕೆ ವರ್ಷಕ್ಕೆ ಸುಮಾರು ೪೦ ಲಕ್ಷ ರೂಪಾಯಿ ತಗಲುತ್ತಿತ್ತು. ಶಾಂತಿಕಾಲದಲ್ಲಿಯೂ ಇಷ್ಟು ದಂಡನ್ನು ಇಟ್ಟುಕೊಳ್ಳಲು ೧೮೦೦ರ ಕೌಲು ನಿಜಾಮನನ್ನು ಕಟ್ಟುಮಾಡಿರಲಿಲ್ಲವೆಂಬದನ್ನು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದನು. ಬೇಡವೆನ್ನಬಹುದಾಗಿದ್ದ ವೆಚ್ಚವನ್ನು ಬೇಡವೆನ್ನುವ ಧೈರ್ಯವಿಲ್ಲದೆ ವರ್ಷವರ್ಷಕ್ಕೂ ಒಪ್ಪಿಕೊಂಡುದೇ ಮುಂದಿನ ಸಕಲ ಅನರ್ಥಗಳ ಬೀಜವಾಯಿತು. ಮದುವೆಯಲ್ಲಿ ಬೀಗರ ಮಾತಿಗೆ ನಾಚಿ ಕೈಮೀರಿ ಖರ್ಚು ಮಾಡುವ ತಂದೆಗೂ ಆ ದರಬಾರಿಗೂ ಈ ವಿಷಯದಲ್ಲಿ ಭೇದವಿದ್ದಿಲ್ಲ.

ಆಗ ಸಂಸ್ಥಾನದ ಕಾರಭಾರವು ರಾಜಾ ಚಂದೂಲಾಲನ ಕೈಯಲ್ಲಿದ್ದಿತು. ಅವನು ೧೮೪೩ರಲ್ಲಿ ಅಧಿಕಾರವನ್ನು ಬಿಡುವ ವರೆಗೆ ಬಹು ದೀರ್ಘಕಾಲ ಆ ಹೊಣೆಯನ್ನು ಹೊತ್ತಿದ್ದನು. ಚತುರನು, ದಾನಶೂರನೆಂದು ಹೆಸರಾದವನು. ಆದರೆ ಬೊಕ್ಕಸ ಬರಿದಾಗಿರುವಾಗ ಕೊಡುವ ದಾನವು ಪರರ ಹಣದ ದಾನವೇ ಆಗುವದು. ಆದಾಯ ಸಾಲದಾದಾಗ ಅವನು ಹಿಡಿದ ಮಾರ್ಗಗಳು ಎರಡು. ಮೊದಲನೆಯದು, ತಾಲೂಕುಗಳ ಕಂದಾಯವನ್ನು ಹೆಚ್ಚು ಹಣ ಕೂಗಿದವರಿಗೆ ಗುತ್ತಿಗೆ ಕೊಡುವದು. ಗುತ್ತಿಗೆದಾರನು ತಾನು ಕೊಟ್ಟ ಹಣವನ್ನು ಲಾಭಸಹಿತವಾಗಿ ಒಕ್ಕಲಿಗನಿಂದ ಹಿಂಡಿಕೊಳ್ಳುತ್ತಿದ್ದನು. ಬರುವ ವರ್ಷ ಆ ತಾಲೂಕು ತನಗೇ ಉಳಿಯುವ ಭರವಸೆ ಇಲ್ಲದುದರಿಂದ ಊರು ಹಾಳಾದೀತೆಂಬ ಚಿಂತೆ ಅವನಿಗಿದ್ದಿಲ್ಲ. ಎರಡನೆಯದು, ಸಾಹುಕಾರರಿಂದ ಸಾಲ ತರುವದು.

ಆ ಸಾಹುಕಾರರಲ್ಲಿ ಪಾಮರ್ ಕಂಪನಿಯು ಪ್ರಸಿದ್ಧವಾದುದು. ೧೮೨೦ರಲ್ಲಿ ಈ ಕಂಪನಿಯು ಸಂಸ್ಥಾನಕ್ಕೆ ೬೦ ಲಕ್ಷ ರೂಪಾಯಿಗಳ ಸಾಲ ಕೊಟ್ಟಿತೆಂದು ಕಾಗದದಲ್ಲಿ ಬರೆಯಲಾಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಮೆಟ್ಕಾಫನು ವಿಚಾರಿಸಿ ನೋಡಲಾಗಿ, ಅದರಲ್ಲಿ ಎಂಟು ಲಕ್ಷವು ಕಂಪನಿಯ ಪಾಲುದಾರರು ತಮಗೆ ತಾವೇ ಬರೆದುಕೊಂಡ ಇನಾಮೆಂದು ಬಯಲಾಯಿತು. ಕೈಗೆ ಬಂದ ಹಣವೊಂದು, ಪತ್ರದಲ್ಲಿ ಬರೆದ ಹಣವೊಂದು. ಹಳ್ಳಿಯ ಸಾಲಗಾರರಿಗೆ ಇದು ಹೊಸ ಮಾತಲ್ಲ. ಮೊದಲ ತಿಂಗಳ ಬಡ್ಡಿಯನ್ನು ಮುಂಗಡವಾಗಿ ಮುರಿದುಕೊಂಡು, ಉಳಿದುದನ್ನು ಕೈಯಲ್ಲಿಟ್ಟು, ಪೂರ್ಣ ಮೊತ್ತಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿಯೂ ಇದೇ ಜಾತಿಯದು.

ಈ ಸಾಲವನ್ನು ತೀರಿಸಿದ ಬಗೆಯು ಇನ್ನೂ ವಿಚಾರಾರ್ಹವಾಗಿದೆ. ಪೂರ್ವ ಸಮುದ್ರತೀರದ ಉತ್ತರ ಸರಕಾರ ಪ್ರಾಂತಕ್ಕಾಗಿ ಕುಂಪಣಿಯು ನಿಜಾಮನಿಗೆ ವರ್ಷಕ್ಕೆ ಏಳು ಲಕ್ಷ ರೂಪಾಯಿ ಪೇಷ್‌ಕಷ್ ಸಲ್ಲಿಸಬೇಕಾಗಿದ್ದಿತು. ಅದು ಕಷ್ಟವಿಲ್ಲದೆ, ತಪ್ಪದೆ ಬರುವ ವರಮಾನ. ೧೮೨೩ರಲ್ಲಿ ಆ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಒಂದು ಕೋಟಿಗೂ ಮಿಕ್ಕಿದ ಗಂಟನ್ನು ಒಮ್ಮೆಲೆ ಪಡೆದು ಪಾಮರ್ ಕಂಪನಿಯ ಋಣವನ್ನು ಹರಿಯಲಾಯಿತು. ಸಾಲವು ತೀರಿತು, ಆದರೆ ಸಾಲಕ್ಕೆ ಕಾರಣವಾದ ವೆಚ್ಚವು ಒಂದು ಕಾಸೂ ಇಳಿಯಲಿಲ್ಲ. ವರಮಾನ ಮಾತ್ರ ಏಳು ಲಕ್ಷದಷ್ಟು ಕುಂದಿತು. ಆದ್ದರಿಂದ ಹೊಸ ಸಾಲವು ಹಳೆಯದಕ್ಕಿಂತಲೂ ಬೇಗನೆ ಬೆಳೆಯಿತು. ಹಾಲು ಕೊಡುವ ಎಮ್ಮೆಯನ್ನು ಮಾರಿ ಅಂಗಡಿಯ ಬಾಕಿ ತೀರಿಸಿದವನು ಮರುದಿನದಿಂದ ಹಾಲನ್ನೂ ಅಂಗಡಿಯಿಂದಲೇ ಕೊಳ್ಳಬೇಕಾಗುವದು.

ಇಷ್ಟರ ಮೇಲೆ ಅರಬ ಹಾಗೂ ರೋಹಿಲೆ ಜಮಾದಾರರ ಬಾಧೆಯೊಂದು. ಸಂಬಳ ಬಾಕಿ ಬಿದ್ದ ಈ ದಂಡಾಳುಗಳಿಗೂ, ಸಾಲ ಕೊಟ್ಟ ಸಾಹುಕಾರರಿಗೂ ತಾಲೂಕುಗಳನ್ನೇ ಬರೆದುಕೊಡಲಾಗುತ್ತಿತ್ತು. ತಾಲೂಕು ಅವರ ಕೈಸೇರಿದ ಮೇಲೆ ಅದರ ಹುಟ್ಟುವಳಿಯು ಬೊಕ್ಕಸಕ್ಕೆ ಬಾರದು. ಬೊಕ್ಕಸಕ್ಕೆ ಬಾರದಿದ್ದರೆ ಬರುವ ತಿಂಗಳ ಸಂಬಳಕ್ಕೆ ಮತ್ತೆ ಸಾಲ. ಆ ಸಾಲಕ್ಕೆ ಮತ್ತೊಂದು ತಾಲೂಕು. ಹೀಗೆ ಫಲವು ಸಾಲ ಕೊಟ್ಟವನದು, ಖರ್ಚು ಸಾಲಗಾರನದು ಎಂಬ ಗಾಣವು ಎಡೆಬಿಡದೆ ತಿರುಗಹತ್ತಿತು.

ಈ ನಡುವೆ ಕಂಟಿಂಜೆಂಟ್ ದಂಡಿನ ಸಂಬಳವು ನಿಲ್ಲಲು, ಕುಂಪಣಿಯು ತನ್ನ ಬೊಕ್ಕಸದಿಂದ ಹಣ ಕೊಟ್ಟು ಅದನ್ನು ನಿಜಾಮನ ಲೆಕ್ಕಕ್ಕೆ ಬರೆಯುತ್ತ ಬಂದಿತು. ಬಡ್ಡಿ ಕೂಡುತ್ತ ಹೋಯಿತು. ಕಡೆಗೆ ಡಾಲ್‌ಹೌಸಿಯು ಕಠಿಣವಾಗಿ ನಿಂತನು. ನಿಜಾಮ ನಾಸಿರುದ್ದೌಲನು ಬಹುದಿನ ಒಪ್ಪದಿದ್ದರೂ ೧೮೫೩ರ ಮೇ ತಿಂಗಳಲ್ಲಿ ಕೌಲಿಗೆ ಒಪ್ಪಲೇಬೇಕಾಯಿತು. ಅದರಂತೆ ವರ್ಹಾಡ, ಧಾರಾಶಿವ ಹಾಗೂ ರಾಯಚೂರು ದೋಆಬ ಪ್ರಾಂತಗಳು ದಂಡಿನ ವೆಚ್ಚಕ್ಕೂ ಸಾಲದ ಬಡ್ಡಿಗೂ ಆಧಾರವಾಗಿ ಆಂಗ್ಲರ ಕಾರಭಾರಕ್ಕೆ ಒಪ್ಪಿಸಲ್ಪಟ್ಟವು. ಅವುಗಳ ಲೆಕ್ಕವನ್ನು ವರ್ಷವರ್ಷಕ್ಕೂ ಒಪ್ಪಿಸತಕ್ಕದ್ದು, ಮಿಕ್ಕ ಹಣವನ್ನು ನಿಜಾಮನಿಗೆ ಸಲ್ಲಿಸತಕ್ಕದ್ದು ಎಂದು ಅದರಲ್ಲಿ ಬರೆದಿದ್ದಿತು. ಎಡೆದೊರೆ ನಾಡು ಅಡವಾದುದು ಹೀಗೆ.

ಕೌಲಾದ ಕೆಲವು ದಿನಗಳಲ್ಲಿಯೇ ದಿವಾಣ ಸಿರಾಜುಲ್‌ಮುಲ್ಕನು ತೀರಿಕೊಂಡನು. ಅವನ ಸೋದರನ ಮಗ ಮೀರ್ ತುರಾಬ್ ಅಲಿ ಖಾನನು ೨೪ನೆಯ ವಯಸ್ಸಿನಲ್ಲಿ ದಿವಾಣಗಿರಿಯನ್ನು ವಹಿಸಿಕೊಂಡನು. ಸಾಲಾರ್ ಜಂಗನೆಂದು ಪ್ರಖ್ಯಾತನಾದವನು ಇವನೇ. ಕೊಪ್ಪಳವು ೧೯೪೯ರಲ್ಲಿ ಜಹಗೀರುಗಳು ರದ್ದಾಗುವ ವರೆಗೂ ಇವನ ಮನೆತನದ ಜಹಗೀರಾಗಿದ್ದುದರಿಂದ ಈ ಭಾಗದವರಿಗೆ ಆ ಹೆಸರು ಅಪರಿಚಿತವಲ್ಲ. ತರುಣನಾದ ಅವನ ಪಾಲಿಗೆ ಬಂದುದು ಬರಿದಾದ ಬೊಕ್ಕಸ, ಬಾಕಿ ಬಿದ್ದ ಸಂಬಳಗಳು, ಬಾಗಿಲಲ್ಲಿ ಕುಳಿತ ಸಾಲಗಾರರು, ನಂಬಿಕೆ ಕಳೆದುಕೊಂಡ ಸಂಸ್ಥಾನದ ಹೆಸರು ಇಷ್ಟೇ.

ಅವನು ಮಾಡಿದುದರಲ್ಲಿ ಚಮತ್ಕಾರವೇನೂ ಇಲ್ಲ. ಒಬ್ಬ ಜಾಣ ಗೃಹಿಣಿಯು ಮಾಡುವದನ್ನೇ ಅವನು ರಾಜ್ಯಕ್ಕೆ ಮಾಡಿದನು. ಮೊಟ್ಟಮೊದಲು ಆದಾಯವೆಷ್ಟು, ವೆಚ್ಚವೆಷ್ಟು, ಯಾರಿಗೆ ಕೊಡತಕ್ಕದ್ದೆಷ್ಟು ಎಂಬ ಲೆಕ್ಕವನ್ನು ಬರೆಯಿಸಿದನು. ಅನವಶ್ಯಕವಾದ ವೆಚ್ಚಗಳನ್ನು ಕತ್ತರಿಸಿದನು. ಆಮೇಲೆ ಅರಬ ಜಮಾದಾರರ ಹಾಗೂ ಸಾಹುಕಾರರ ಕೈಯಲ್ಲಿ ಅಡವಾಗಿದ್ದ ತಾಲೂಕುಗಳನ್ನು, ಅವರ ನ್ಯಾಯವಾದ ಬಾಕಿಯನ್ನು ನಿರ್ಣಯಿಸಿ, ಒಂದೊಂದಾಗಿ ಬಿಡಿಸಿಕೊಳ್ಳಹತ್ತಿದನು. ಇಲ್ಲಿಯೇ ಅವನ ವಿವೇಕವು ಕಂಡುಬರುವದು. ಎಲ್ಲ ಸಾಲಕ್ಕೂ ಸ್ವಲ್ಪ ಸ್ವಲ್ಪ ಹಂಚದೆ, ಯಾವುದನ್ನು ಬಿಡಿಸಿದರೆ ವರಮಾನವು ಮನೆಗೆ ಮರಳುವದೋ ಅದನ್ನೇ ಮೊದಲು ಬಿಡಿಸಿದನು. ಒಂದು ತಾಲೂಕು ಮರಳಿದರೆ ಅದರ ಹುಟ್ಟುವಳಿಯಿಂದ ಮತ್ತೊಂದನ್ನು ಬಿಡಿಸಲು ಬಲ ಬರುತ್ತಿತ್ತು. ಹೇಳಿದ ದಿನಕ್ಕೆ ಹೇಳಿದ ಹಣ ಸಲ್ಲಿಸುವ ನಿಯಮವನ್ನಿಟ್ಟುಕೊಂಡುದರಿಂದ ಕಳೆದುಹೋದ ನಂಬಿಕೆ ಮರಳಿತು.

ಕಂದಾಯದ ಗುತ್ತಿಗೆಯನ್ನು ಕ್ರಮೇಣ ನಿಲ್ಲಿಸಿ, ಸಂಬಳದ ತಾಲೂಕುದಾರರನ್ನು ನೇಮಿಸಿದನು. ಕಂಡಕಂಡಲ್ಲಿ ಹಣ ಅಚ್ಚುಹಾಕುವದನ್ನು ತಡೆದು ಹೈದರಾಬಾದಿನ ಟಂಕಸಾಲೆಯ ಹಾಲಿ ಸಿಕ್ಕಾ ರೂಪಾಯಿಯನ್ನು ರೂಢಿಗೆ ತಂದನು. ೧೮೬೪ರಲ್ಲಿ ಕಂದಾಯ ಮಂಡಲಿಯನ್ನೂ, ೧೮೬೫ರಲ್ಲಿ ಜಿಲ್ಲಾಬಂದಿಯೆಂಬ ಜಿಲ್ಲೆಗಳ ವ್ಯವಸ್ಥೆಯನ್ನೂ ಏರ್ಪಡಿಸಿದನು. ಗಂಗಾವತಿ, ಕುಷ್ಟಗಿಗಳು ಲಿಂಗಸೂಗೂರು ಜಿಲ್ಲೆಗೆ ಸೇರಿ, ಮುಂದೆ ೧೯೦೫ರಲ್ಲಿ ಆ ಜಿಲ್ಲೆ ಮುರಿದಾಗ ರಾಯಚೂರಿಗೆ ಸೇರಿದವು. ೧೮೮೩ರ ಫೆಬ್ರುವರಿಯಲ್ಲಿ ತಾನು ತೀರಿಕೊಳ್ಳುವ ವರೆಗೆ ಅವನು ಈ ಮಾರ್ಗವನ್ನು ಬಿಡಲಿಲ್ಲ. ಸಾಲ ಕೂಡಲು ಎಷ್ಟು ಕಾಲ ಹಿಡಿದಿತ್ತೋ ಅದನ್ನು ಹರಿಯಲೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತೆಂಬದನ್ನು ಮರೆಯಲಾಗದು.

ಎಡೆದೊರೆಯ ಬಿಡುಗಡೆಯು ೧೮೬೦ರಲ್ಲಿ ಆಯಿತು. ಅದರ ಕಾರಣವನ್ನು ಇದ್ದುದಿದ್ದಂತೆ ಹೇಳುವದು ಇತಿಹಾಸಧರ್ಮವಾಗಿದೆ. ೧೮೫೭-೫೮ರ ಕ್ಷೋಭೆಯಲ್ಲಿ ಈ ಭಾಗವು ಸುಮ್ಮನಿರಲಿಲ್ಲ. ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯನ್ನು ಹಿಡಿದು ೧೮೫೮ರಲ್ಲಿ ಅಲ್ಲಿಯೇ ವೀರಸ್ವರ್ಗವನ್ನು ಸೇರಿದನು. ಅದೇ ವರ್ಷ ಸುರಪುರದ ಸಂಸ್ಥಾನವೂ ಅಳಿಯಿತು. ಹೈದರಾಬಾದಿನ ದರಬಾರು ಮಾತ್ರ ಆಂಗ್ಲರ ಪಕ್ಷದಲ್ಲಿ ನಿಂತಿತು. ಅದಕ್ಕೆ ಪ್ರತಿಫಲವಾಗಿ ೧೮೬೦ರ ಡಿಸೆಂಬರದ ಕೌಲಿನಲ್ಲಿ ೫೦ ಲಕ್ಷ ರೂಪಾಯಿಗಳ ಸಾಲವು ರದ್ದಾಯಿತು; ಧಾರಾಶಿವ ಹಾಗೂ ರಾಯಚೂರು ದೋಆಬ ಮರಳಿ ಬಂದವು; ಸುರಪುರವೂ ನಿಜಾಮನಿಗೆ ದೊರೆಯಿತು. ಆದುದರಿಂದ ಈ ನಾಡು ಕೇವಲ ಮಿತವ್ಯಯದಿಂದಲೇ ಬಿಡುಗಡೆಯಾಯಿತೆಂದು ಹೇಳಬರುವದಿಲ್ಲ. ರಾಜಕಾರಣದ ಅನುಗ್ರಹವೂ ಅದರಲ್ಲಿ ಕೂಡಿದ್ದಿತು. ಆದರೆ ಅನುಗ್ರಹದಿಂದ ಬಂದುದನ್ನು ಮತ್ತೊಮ್ಮೆ ಅಡವಿಡದೆ ಉಳಿಸಿಕೊಂಡುದು ಮಿತವ್ಯಯದ ಫಲವೇ ಸರಿ. ೧೮೨೩ರಲ್ಲಿಯೂ ಒಮ್ಮೆ ಸಾಲ ಹರಿದಿತ್ತಲ್ಲವೇ? ಅಂದು ಉಳಿಯದ ನಿಶ್ಚಿಂತೆಯು ಇಂದು ಉಳಿಯಲು ಮಧ್ಯದಲ್ಲಿ ನಡತೆ ಬದಲಾದುದೇ ಕಾರಣ.

ವರ್ಹಾಡದ ಗತಿಯು ಬೇರೆಯಾಯಿತು. ಅದು ದಂಡಿನ ವೆಚ್ಚಕ್ಕೆ ಆಧಾರವಾಗಿ ಆಂಗ್ಲರಲ್ಲಿಯೇ ಉಳಿಯಿತು. ಅದಕ್ಕಿಂತ ಹಾನಿಕರವಾದ ಮಾತೊಂದು ಅದೇ ಕೌಲಿನಲ್ಲಿ ಸೇರಿದ್ದಿತು; ಒಪ್ಪಿಸಿದ ಪ್ರಾಂತಗಳ ಆಯವ್ಯಯದ ಲೆಕ್ಕವನ್ನು ಕೇಳುವ ಹಕ್ಕನ್ನು ನಿಜಾಮನು ಬಿಟ್ಟುಕೊಟ್ಟನು. ಮಿಕ್ಕ ಹಣವನ್ನು ಕೊಡುವೆವೆಂಬ ಮಾತು ಉಳಿಯಿತು, ಮಿಕ್ಕುದೆಷ್ಟೆಂದು ಅಳೆಯುವ ಕೋಲು ಮಾತ್ರ ಕೈಬಿಟ್ಟಿತು. ಆಡಳಿತದ ಖರ್ಚನ್ನು ಸಾಲ ಕೊಟ್ಟವನೇ ಬರೆದು, ತಾನೇ ಕೂಡಿಸಿ, ತಾನೇ ಕಳೆಯುವಾಗ ಮಿಗತೆ ಬರುವ ಬಗೆ ಹೇಗೆ? ಸಾಲಾರ್ ಜಂಗನು ವರ್ಹಾಡಕ್ಕಾಗಿ ಪುನಃಪುನಃ ಬೇಡಿದನು, ೧೮೭೬ರಲ್ಲಿ ಇಂಗ್ಲೆಂಡಿಗೆ ಹೋದನು, ಕಾರ್ಯವು ಕೈಗೂಡಲಿಲ್ಲ. ೧೯೦೨ರಲ್ಲಿ ಕರ್ಜನನ ಕಾಲಕ್ಕೆ ಅದು ವರ್ಷಕ್ಕೆ ೨೫ ಲಕ್ಷ ರೂಪಾಯಿಗಳ ಶಾಶ್ವತ ಗೇಣಿಗೆ ಹೋಯಿತು. ೧೯೩೬ರಲ್ಲಿ ನಿಜಾಮನ ಹಿರಿಯ ಮಗನಿಗೆ ವರ್ಹಾಡದ ಯುವರಾಜನೆಂಬ ಬಿರುದು ದೊರೆಯಿತು. ಆ ಯುವರಾಜನೇ ೧೯೪೫ರ ಫೆಬ್ರುವರಿ ೨೮ರಂದು ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಈಚೆಯ ದಂಡೆಯ ಅಡಿಗಲ್ಲನ್ನಿಟ್ಟನು. ಮರಳಿ ಬಂದ ನಾಡಿನ ಮೇಲೆ ನಿಂತು, ಮರಳಿ ಬಾರದ ನಾಡಿನ ಹೆಸರನ್ನು ಹೊತ್ತವನು ಕಲ್ಲನ್ನಿಟ್ಟನೆಂಬದು ಯೋಚಿಸತಕ್ಕ ಸಂಗತಿಯಾಗಿದೆ. ಲೆಕ್ಕ ಬಿಟ್ಟವನಿಗೆ ನೆಲ ಹೋಗಿ ಬಿರುದು ಉಳಿಯುವದು.

ಇನ್ನು ರಾಜ್ಯದ ಮಾತು ಬಿಟ್ಟು ಒಕ್ಕಲಿಗನ ಮನೆಗೆ ಬರೋಣ. ಸಂಸ್ಥಾನವು ತನ್ನ ಸಾಲದಿಂದ ಮೇಲೆದ್ದರೂ ಹಳ್ಳಿಯವನ ಸಾಲವು ಹಾಗೆಯೇ ಉಳಿಯಿತು. ಅವನಿಗೆ ಬೀಜಕ್ಕೆ, ಎತ್ತಿಗೆ, ಕಂದಾಯಕ್ಕೆ ಸಕಾಲದಲ್ಲಿ ಹಣ ಬೇಕು. ಸಾಹುಕಾರನಲ್ಲದೆ ಬೇರೆ ದಿಕ್ಕಿಲ್ಲ. ಈ ಕಷ್ಟಕ್ಕೆ ಪರಿಹಾರವೊಂದು ಎಡೆದೊರೆಯ ನೆರೆಯಲ್ಲಿಯೇ ಹುಟ್ಟಿತು. ೧೯೦೪ರಲ್ಲಿ ಹಿಂದುಸ್ಥಾನ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಮಾಡಲು, ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕರ್ನಾಟಕದ ಸಹಕಾರ ಚಳವಳಿಯ ಮೂಲಸ್ಥಾನವೆಂದು ಆ ಗ್ರಾಮವು ಮಾನ್ಯವಾಗಿದೆ. ಹೈದರಾಬಾದ ಸಂಸ್ಥಾನದಲ್ಲಿಯೂ ೧೯೧೪ರಲ್ಲಿ ಇಂಥದೇ ಕಾಯದೆಯು ಜಾರಿಗೆ ಬಂದಿತು.

ಆ ಕಾಲದ ಹಳ್ಳಿಯ ಸಂಘದ ಬಲವು ಅದರ ಹಣದಲ್ಲಿರಲಿಲ್ಲ, ಅದರ ಹೊಣೆಯಲ್ಲಿದ್ದಿತು. ೧೯೦೪ರ ಕಾಯದೆಯ ಮೇರೆಗೆ ಗ್ರಾಮಸಂಘದ ಪ್ರತಿಯೊಬ್ಬ ಸದಸ್ಯನೂ ಸಂಘದ ಸಮಸ್ತ ಋಣಕ್ಕೆ ಜವಾಬುದಾರನು. ಆದುದರಿಂದ ನೆರೆಯವನು ಯಾತಕ್ಕಾಗಿ ಸಾಲ ಕೇಳುತ್ತಾನೆ, ಎತ್ತು ಕೊಳ್ಳಲಿಕ್ಕೋ ಮೆರವಣಿಗೆಗೋ ಎಂಬದನ್ನು ಎಲ್ಲರೂ ವಿಚಾರಿಸುತ್ತಿದ್ದರು. ಸಾಹುಕಾರನು ಕೇಳದ ಪ್ರಶ್ನೆಯನ್ನು ಸಂಘವು ಕೇಳಿತು. ಸಾಹುಕಾರನಿಗೆ ಅಡವಿನ ಹೊಲವಿದ್ದರೆ ಸಾಕು; ಸಂಘಕ್ಕೆ ಸಾಲಗಾರನ ನಡತೆ ಬೇಕಾಗಿದ್ದಿತು. ಲೆಕ್ಕದ ಪುಸ್ತಕವು ಊರವರ ಕಣ್ಣಮುಂದೆಯೇ ಇದ್ದಿತು. ವರ್ಹಾಡದಲ್ಲಿ ತಪ್ಪಿದ ಮಾತು ಇಲ್ಲಿ ಕೂಡಿಬಂದಿತು.

ಆದಾಯವರಿತು ಬಾಳುವ ಧರ್ಮವನ್ನು ಈ ನಾಡು ಇತಿಹಾಸದ ಪೆಟ್ಟಿನಿಂದಲೇ ಕಲಿಯಬೇಕಾಗಿರಲಿಲ್ಲ. ಲಿಂಗಸೂಗೂರು ಸೀಮೆಯ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯು ಸದ್ಭಕ್ತರೆಲ್ಲರಿಗೂ ತಿಳಿದುದಾಗಿದೆ. ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯಗಳು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತರಲು, ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಿನದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರಂತೆ. ದುಡಿದುದಕ್ಕಿಂತ ಹೆಚ್ಚು ಬಂದರೂ ಬೇಡವೆಂದ ಆ ತಾಯಿಯ ಎದುರಿಗೆ, ದುಡಿಯುವದಕ್ಕಿಂತ ಮೊದಲೇ ಮುಂದಿನ ವರ್ಷದ ದುಡಿಮೆಯನ್ನು ಉಂಡುಬಿಡುವವರು ತಲೆಯೆತ್ತಿ ನಿಲ್ಲಬಲ್ಲರೇ? ಅವರ ದಾಸೋಹವು ಸಾಲದಿಂದ ನಡೆಯಲಿಲ್ಲ, ಕಾಯಕದಿಂದ ನಡೆಯಿತು. ಮಠಗಳ ಉತ್ಸವಗಳಿಗೂ ಭಕ್ತರ ಮನೆಯ ಕಾರ್ಯಗಳಿಗೂ ಈ ಮಾತು ಸಮಾನವಾಗಿ ಸಲ್ಲುವದು. ಸಾಲ ತಂದು ಬಡಿಸಿದ ಹೋಳಿಗೆಗಿಂತ ದುಡಿದು ಬಡಿಸಿದ ಅಂಬಲಿಯೇ ಗುರುವಿಗೆ ಮೆಚ್ಚಾಗುವದು.

೧೯೫೩ರಲ್ಲಿ ತುಂಗಭದ್ರೆಯ ನೀರು ಹೊಸ ಕಾಲುವೆಗಳಲ್ಲಿ ಹರಿಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗಂಗಾವತಿಯ ಅಕ್ಕಿಯು ದೂರದೂರದ ಪೇಟೆಗಳಿಗೆ ಹೋಯಿತು. ನೀರು ಬಂದರೆ ಸಾಲ ತಾನಾಗಿ ಹೋಗುವದೆಂದು ಅನೇಕರು ಬಗೆದರು. ಆದರೆ ಭತ್ತವು ಬೆಳೆಗಿಂತ ಮೊದಲು ಹಣ ಬೇಡುವ ಪೈರು. ಗೊಬ್ಬರ, ಔಷಧ, ನಾಟಿಯ ಕೂಲಿ ಇವೆಲ್ಲ ಕೊಯ್ಲಿಗಿಂತ ಮೊದಲೇ ತೆರತಕ್ಕವು. ಆದಾಯ ಹೆಚ್ಚಿದಂತೆ ವೆಚ್ಚವೂ, ವೆಚ್ಚದೊಡನೆ ಆಸೆಯೂ ಹೆಚ್ಚುವವು. ಚಂದೂಲಾಲನ ಸಂಸ್ಥಾನವು ಬಡ ಸಂಸ್ಥಾನವಾಗಿರಲಿಲ್ಲವೆಂಬದನ್ನು ಇಲ್ಲಿ ನೆನೆಯಬೇಕು. ಹಿಂದುಸ್ಥಾನದ ಸಂಸ್ಥಾನಗಳಲ್ಲೆಲ್ಲ ಶ್ರೀಮಂತವಾದುದೇ ಸಾಲಕ್ಕಾಗಿ ನಾಡನ್ನು ಅಡವಿಟ್ಟಿತು. ಆದಾಯದ ಹಿರಿಮೆಯು ಯಾರನ್ನೂ ಋಣದಿಂದ ಕಾಯಲಾರದು. ವೆಚ್ಚಕ್ಕೆ ಮೇರೆಯಿದ್ದರೆ ಮಾತ್ರ ಅದು ಕಾಯುವದು.

ಆದ್ದರಿಂದ ಋಣದಲ್ಲಿರುವ ಗೃಹಸ್ಥನು ಈ ಚರಿತ್ರೆಯಿಂದ ತಿಳಿಯತಕ್ಕ ಕ್ರಮವು ಇಷ್ಟು. ಕೊಡತಕ್ಕ ಋಣವೆಲ್ಲವನ್ನೂ, ನಾಚಿಕೆಯಿಂದ ಒಂದನ್ನೂ ಮುಚ್ಚದೆ, ಮನೆಯವರೆಲ್ಲರ ಎದುರಿಗೆ ಬರೆದಿಡಬೇಕು. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವದನ್ನು ನಿಲ್ಲಿಸಬೇಕು. ಬರುವ ಆದಾಯದೊಳಗೇ ಕಂತಿಗೆ ಒಂದು ಪಾಲು, ಊಟ ಉಡಿಗೆಗೆ ಒಂದು ಪಾಲು, ಬರಗಾಲಕ್ಕೆ ಚಿಕ್ಕದಾದರೂ ಒಂದು ಪಾಲು ಎಂದು ಗೊತ್ತುಮಾಡಬೇಕು. ಅಡವಾದ ಹೊಲವನ್ನು ಮೊದಲು ಬಿಡಿಸಬೇಕು. ಅನ್ನ ಕೊಡುವದನ್ನು ಮಾರಿ ಸಾಲ ತೀರಿಸಬಾರದು. ಪತ್ರದಲ್ಲಿ ಬರೆದುದೂ ಕೈಗೆ ಬಂದುದೂ ಒಂದೇ ಆಗಿದೆಯೋ ಎಂದು ನೋಡಿಯೇ ರುಜು ಮಾಡಬೇಕು. ಎಲ್ಲಕ್ಕೂ ಮಿಗಿಲಾಗಿ, ಲೆಕ್ಕದ ಪುಸ್ತಕವು ತನ್ನ ಮನೆಯಲ್ಲಿಯೂ ಇರಬೇಕು.

ಕಾಲುವೆಯ ನೀರಿಗೆ ಪಾಳಿಯುಂಟು. ತನ್ನ ಪಾಳಿಯ ನೀರಿನಿಂದ ತನ್ನ ಮಡಿಯನ್ನು ತುಂಬಿಸಿಕೊಂಡವನು ನೆರೆಯವನ ಒಡ್ಡನ್ನು ಒಡೆಯಬೇಕಾಗಿಲ್ಲ. ಅವನ ಪೈರು ನಿಧಾನವಾದರೂ ನೆಟ್ಟಗೆ ಬೆಳೆಯುವದು. ಶ್ರೀಗುರುವಿನ ಕೃಪೆಯಿಂದ ಎಡೆದೊರೆಯ ಪ್ರತಿಯೊಂದು ಮನೆಯೂ ತನ್ನ ಪಾಳಿಯ ನೀರಿನಲ್ಲಿ ಬೆಳೆಯಲಿ, ಋಣದಿಂದ ಬಿಡುಗಡೆಯಾಗಲಿ, ಮುಂದೆಂದೂ ಈ ನಾಡಿನ ಹೊಲಗಳಿಗೆ ಅಡವೆಂಬ ಹೆಸರು ಬಾರದಿರಲಿ. ಅಲಮತಿವಿಸ್ತರೇಣ.